ಮೂರು ರೀಲು ಹಾಳಾದವು: ತಪ್ಪು ಫಿಲ್ಮಿನದೋ, ಲ್ಯಾಬಿನದೋ, ಕ್ಯಾಮೆರಾದ್ದೋ?

ಆಲೆಮನೆ, ಮಂಡ್ಯ

ನಮ್ಮೂರಿನ ಆಲೆಮನೆಯ ಚಿತ್ರಗಳನ್ನು ತೆಗೆಯಲು ಶುರುಮಾಡಿ ಒಂದು ವರ್ಷವಾಯಿತು. ಡಿಜಿಟಲ್ ಕ್ಯಾಮೆರಾ ಮನೆಯಲ್ಲಿದೆ. ಆದರೂ ಈ ಕೆಲಸವನ್ನು ಕಲರ್ ಫಿಲ್ಮಿನಲ್ಲಿಯೇ ಮಾಡಬೇಕೆಂದಿದ್ದೇನೆ. ಇದೇ ಆಲೆಮನೆಯ ಮುಂದೆ ನಿಂತು ನನ್ನ ತಂದೆ 1980ರ ದಶಕದಲ್ಲಿ ತೆಗೆದ ಚಿತ್ರಗಳಿವೆ. ಅವುಗಳ ಪಕ್ಕದಲ್ಲಿಡುವ ಚಿತ್ರಗಳು ಅದೇ ಕ್ಯಾಮೆರಾದಿಂದ ಬರಲಿ ಎಂಬ ಆಸೆ. ಕ್ಯಾಮೆರಾ ಕ್ಯಾನನೆಟ್ ಕ್ಯೂಎಲ್17 ಜಿ-3.

ಈವರೆಗೆ ಮೂರು ರೀಲು ಮುಗಿಸಿದೆ. ಒಂದು ಕೊಡಕ್ ಗೋಲ್ಡ್ 200, ಒಂದು ಕಲರ್‌ಪ್ಲಸ್ 200, ಎರಡೂ ಹೊಸವು. ಮೂರನೆಯದು ಮುಚ್ಚಿಹೋದ ಸ್ಟುಡಿಯೊ ಒಂದರ ಗಾಜಿನ ಬೀರುವಿನಲ್ಲಿ ಸಿಕ್ಕ ಫ್ಯೂಜಿ ಸುಪೀರಿಯಾ. ಪೊಟ್ಟಣದ ಮೇಲಿನ ಅವಧಿ 2009ಕ್ಕೇ ಮುಗಿದಿತ್ತು. ಮಂಡ್ಯದಲ್ಲಿ ತೊಳೆಯುವವರು ಸಿಗದೆ ಕೊರಿಯರ್‌ನಲ್ಲಿ ಬೆಂಗಳೂರಿಗೆ ಕಳುಹಿಸಿದೆ. ಮೂರರಲ್ಲಿಯೂ ಮುಖಗಳು ಕಪ್ಪಗಾಗಿವೆ. ನೆರಳಿದ್ದಲ್ಲೆಲ್ಲ ಪಾಚಿಬಣ್ಣ, ಅದರ ಮೇಲೆ ರವೆ ಚೆಲ್ಲಿದಂತೆ ಗ್ರೇನ್.

ಕಳೆದ ಸಲ ಒಂದು ರೀಲಿಗೆ ಸಾವಿರಕ್ಕೂ ಹೆಚ್ಚು ಕೊಟ್ಟೆ. ತೊಳೆಸಿ ಸ್ಕ್ಯಾನ್ ಮಾಡಿಸುವ ಖರ್ಚು ಬೇರೆ. ಸಿನಿಮಾ ಫಿಲ್ಮನ್ನು ಕತ್ತರಿಸಿ ಸುತ್ತಿದ ರೀಲುಗಳು ಅಗ್ಗ ಎನ್ನುತ್ತಾರೆ. ಅದಕ್ಕೆ ಹೋಗಲೇ? ಅಥವಾ ಬಣ್ಣವನ್ನೇ ಬಿಟ್ಟು ಕಪ್ಪು-ಬಿಳುಪಿಗೆ ಇಳಿಯಲೇ?

ಕತ್ತಲೆಕೋಣೆ, ಮೈಸೂರು

ಮೊದಲು ರೋಗ ಯಾವುದೆಂದು ತಿಳಿಯೋಣ. ಅದು ತಿಳಿಯದಿದ್ದರೆ ಅಗ್ಗದ ರೀಲೂ ಹೀಗೆಯೇ ಹಾಳಾಗುತ್ತದೆ.

ಸ್ಕ್ಯಾನ್ ನೋಡಿ ಏನನ್ನೂ ಹೇಳಲಾಗದು. ಮಂಕಾದ ಫ್ರೇಮನ್ನು ಸ್ಕ್ಯಾನರ್ ತಾನಾಗಿಯೇ ಬೆಳಗಿಸಲು ಹೋಗುತ್ತದೆ, ನೀವು ಹೇಳುವ ರವೆ ಏಳುವುದು ಆಗಲೇ. ನೆಗೆಟಿವ್‌ಗಳನ್ನು ಲ್ಯಾಬಿನಿಂದ ತರಿಸಿಕೊಂಡಿದ್ದೀರಾ? ಕಿಟಕಿಯ ಬೆಳಕಿಗೆ ಹಿಡಿದು ಚಿತ್ರಕ್ಕಿಂತ ಮುಂಚೆ ಅಂಚನ್ನು ನೋಡಿ. ರಂಧ್ರಗಳ ಸಾಲಿನಲ್ಲಿ ಕಂಪನಿಯ ಹೆಸರು, ಫ್ರೇಮಿನ ಸಂಖ್ಯೆ ಇರುತ್ತವೆ. ಅವನ್ನು ಕಾರ್ಖಾನೆಯಲ್ಲಿಯೇ ಬೆಳಕಿನಿಂದ ಬರೆದಿರುತ್ತಾರೆ, ನಿಮ್ಮ ಕ್ಯಾಮೆರಾಕ್ಕೂ ಅವಕ್ಕೂ ಸಂಬಂಧವಿಲ್ಲ. ಅಕ್ಷರ ಗಾಢವಾಗಿದ್ದು ಚಿತ್ರ ಮಾತ್ರ ತೆಳುವಾಗಿದ್ದರೆ ಲ್ಯಾಬ್ ಸರಿಯಾಗಿಯೇ ತೊಳೆದಿದೆ, ಫಿಲ್ಮಿಗೆ ಬೆಳಕು ಸಾಲದಾಗಿದೆ. ಅಕ್ಷರವೂ ಮಾಸಿದ್ದರೆ ತೊಳೆಯುವುದರಲ್ಲಿ ತಪ್ಪಾಗಿದೆ. ಅಕ್ಷರಗಳ ಸುತ್ತಲಿನ ಖಾಲಿ ಜಾಗವೇ ದಟ್ಟವಾಗಿದ್ದರೆ ಫಿಲ್ಮಿಗೆ ವಯಸ್ಸಾಗಿದೆ.

ಇನ್ನೊಂದು ಪ್ರಶ್ನೆ. ಕ್ಯಾಮೆರಾದೊಳಗೆ ಯಾವ ಬ್ಯಾಟರಿ ಇದೆ?

ಆಲೆಮನೆ, ಮಂಡ್ಯ

ನೋಡಿದೆ. ಗೋಲ್ಡ್ ಮತ್ತು ಕಲರ್‌ಪ್ಲಸ್ ಎರಡರಲ್ಲಿಯೂ ಅಂಚಿನ ಅಕ್ಷರ ಸ್ಪಷ್ಟವಾಗಿದೆ. ಚಿತ್ರಗಳು ಮಾತ್ರ ನೀರು ಹೆಚ್ಚಾದ ಕಾಫಿಯಂತೆ ತೆಳು. ಸುಪೀರಿಯಾದಲ್ಲಿ ಅಂಚೂ ಸೇರಿ ಇಡೀ ಪಟ್ಟಿ ಕಂದು ಮಂಜು ಕವಿದಂತಿದೆ. ಬ್ಯಾಟರಿ 625ಎ, ಗಡಿಯಾರದ ಅಂಗಡಿಯಲ್ಲಿ ಕೊಂಡದ್ದು. ಬೆಳಕು ಅಳೆಯುವ ಮೀಟರಿನ ಮುಳ್ಳು ಚೆನ್ನಾಗಿಯೇ ಆಡುತ್ತದೆ.

ಕತ್ತಲೆಕೋಣೆ, ಮೈಸೂರು

ಹಾಗಾದರೆ ಎರಡು ಬೇರೆ ಬೇರೆ ರೋಗಗಳಿವೆ, ಲ್ಯಾಬಿನ ಮೇಲೆ ತಪ್ಪು ಹೊರಿಸಲು ಕಾರಣವಿಲ್ಲ.

ಮುಳ್ಳು ಆಡುತ್ತದೆ, ಆದರೆ ಸುಳ್ಳು ಹೇಳುತ್ತದೆ. ಆ ಕ್ಯಾಮೆರಾವನ್ನು ರೂಪಿಸಿದ್ದು 1.35 ವೋಲ್ಟಿನ ಪಾದರಸದ ಬ್ಯಾಟರಿಗೆ. ಪಾದರಸ ವಿಷವೆಂಬ ಕಾರಣಕ್ಕೆ ಅದು ಮಾರುಕಟ್ಟೆಯಿಂದ ಹೋಯಿತು. ನೀವು ಹಾಕಿರುವುದು 1.5 ವೋಲ್ಟಿನ ಆಲ್ಕಲೈನ್. ಹೆಚ್ಚಿನ ವೋಲ್ಟೇಜ್ ಸಿಕ್ಕಾಗ ಮೀಟರ್ ಇರುವುದಕ್ಕಿಂತ ಹೆಚ್ಚು ಬೆಳಕಿದೆಯೆಂದು ತಿಳಿದು ಲೆನ್ಸಿನ ಕಿಂಡಿಯಾದ ಅಪರ್ಚರನ್ನು ಕಿರಿದು ಮಾಡುತ್ತದೆ. ಸುಮಾರು ಒಂದು ಸ್ಟಾಪ್, ಅಂದರೆ ಅರ್ಧದಷ್ಟು ಬೆಳಕು, ನಷ್ಟ. ಆಲೆಮನೆಯಲ್ಲಂತೂ ಎದುರಿಗೆ ಒಲೆಯ ಉರಿ, ಕೊಪ್ಪರಿಗೆಯ ಬಿಳಿ ಹಬೆ. ಅವನ್ನು ನೋಡಿ ಮೀಟರ್ ಇನ್ನೂ ಒಂದು ಸ್ಟಾಪ್ ಕಡಿಮೆ ಮಾಡಿರುತ್ತದೆ. ನಿಮ್ಮ ತಂದೆಯ ನೆಗೆಟಿವ್‌ಗಳನ್ನು ತೆಗೆದು ನೋಡಿ. ಅದೇ ಜಾಗ, ಅದೇ ಕ್ಯಾಮೆರಾ. ಅವು ಗಟ್ಟಿಯಾಗಿಯೇ ಇರುತ್ತವೆ, ಏಕೆಂದರೆ ಅವರ ಕಾಲದಲ್ಲಿ ಸರಿಯಾದ ಬ್ಯಾಟರಿ ಸಿಗುತ್ತಿತ್ತು.

ಇದನ್ನು ಫಿಲ್ಮ್ ಹಾಕದೆಯೇ ಪರೀಕ್ಷಿಸಬಹುದು. ಮೋಡವಿಲ್ಲದ ನಡುಹಗಲಲ್ಲಿ ಸೂರ್ಯನಿಗೆ ಬೆನ್ನು ಮಾಡಿ ಬಿಸಿಲು ಬಿದ್ದ ಕಬ್ಬಿನ ಗದ್ದೆಯತ್ತ ಕ್ಯಾಮೆರಾ ಹಿಡಿಯಿರಿ. ಐಎಸ್‌ಒ (ಫಿಲ್ಮಿನ ವೇಗ) 200, ಶಟರ್ 1/500 ಇಟ್ಟರೆ ಮುಳ್ಳು ಅಪರ್ಚರ್ 11ರ ಹತ್ತಿರ ನಿಲ್ಲಬೇಕು (ಸಂಖ್ಯೆ ಏರಿದಷ್ಟೂ ಕಿಂಡಿ ಕಿರಿದು). 16ಕ್ಕೆ ಓಡಿದರೆ ನನ್ನ ಅನುಮಾನ ನಿಜ.

ಪರಿಹಾರ ಸುಲಭ. ಶ್ರವಣ ಸಾಧನಕ್ಕೆ ಹಾಕುವ 675 ಸಂಖ್ಯೆಯ ಜಿಂಕ್-ಏರ್ ಬ್ಯಾಟರಿ ಔಷಧದ ಅಂಗಡಿಗಳಲ್ಲಿ ಸಿಗುತ್ತದೆ. ಅದು 1.4 ವೋಲ್ಟ್ ಕೊಡುತ್ತದೆ. ಗಾತ್ರ ಚಿಕ್ಕದು, ಸುತ್ತ ಒಂದು ರಬ್ಬರ್ ಉಂಗುರ ತೊಡಿಸಿದರೆ ಅಲುಗಾಡದೆ ಕೂರುತ್ತದೆ. ಮೇಲಿನ ಅಂಟುಪಟ್ಟಿ ಕಿತ್ತ ಕೆಲವು ವಾರಗಳಲ್ಲಿ ಸತ್ತುಹೋಗುತ್ತದೆ, ಆದ್ದರಿಂದ ಚಿತ್ರ ತೆಗೆಯುವ ದಿನವೇ ಕಿತ್ತು ಹಾಕಿ. ಜೊತೆಗೆ 200ರ ಫಿಲ್ಮಿಗೆ ಐಎಸ್‌ಒ ಡಯಲ್ ಅನ್ನು 100ಕ್ಕೆ ಇಡಿ, ಆಗ ಒಂದು ಸ್ಟಾಪ್ ಹೆಚ್ಚು ಬೆಳಕು ಸಿಗುತ್ತದೆ. ಕಲರ್ ನೆಗೆಟಿವ್ ಹೆಚ್ಚು ಬೆಳಕನ್ನು ಸಲೀಸಾಗಿ ತಡೆದುಕೊಳ್ಳುತ್ತದೆ, ಕಡಿಮೆ ಬೆಳಕನ್ನು ಮಾತ್ರ ಕ್ಷಮಿಸುವುದಿಲ್ಲ. ಒಲೆಯ ಮುಂದೆ ಆಟೋ ನಂಬಬೇಡಿ. ಕೆಲಸ ಮಾಡುವವರ ಮುಖದ ಬಳಿ ಮೊಬೈಲ್‌ನ ಲೈಟ್ ಮೀಟರ್ ಆ್ಯಪ್ ಹಿಡಿದು ಓದಿ, ಅಪರ್ಚರ್ ಅನ್ನು ಕೈಯಿಂದಲೇ ತಿರುಗಿಸಿ. ಆ ಕ್ಯಾಮೆರಾದ ಶಟರ್‌ಗೆ ಬ್ಯಾಟರಿ ಬೇಕಿಲ್ಲ.

ಹಳೆಯ ಸುಪೀರಿಯಾದ ವಿಷಯ. ಬಿಸಿಲೂರಿನ ಬೀರುವಿನಲ್ಲಿ ಹದಿನೈದು ವರ್ಷಕ್ಕೂ ಹೆಚ್ಚು ಕಾಲ ಕೂತ ಫಿಲ್ಮದು. ಅವಧಿ ಮುಗಿದ ಹತ್ತು ವರ್ಷಕ್ಕೆ ಒಂದು ಸ್ಟಾಪ್ ಹೆಚ್ಚು ಕೊಡುವ ರೂಢಿಯಿದೆ. ಅದರಿಂದ ಮಂಜು ಕರಗುವುದಿಲ್ಲ, ಮಂಜಿನ ಮೇಲೆ ಚಿತ್ರ ಏಳುತ್ತದೆ ಅಷ್ಟೇ. ಮತ್ತೆ ಸಿಕ್ಕಿದರೆ ಬಿಸಿಲಿನಲ್ಲಿ ಬಳಸಿ, ಆಲೆಮನೆಯ ಒಳಗಲ್ಲ.

ಬೆಲೆಯ ಬಗ್ಗೆಯೂ ಹೇಳಬೇಕು, ಏಕೆಂದರೆ ಅದು ನನ್ನನ್ನೂ ನೋಯಿಸುತ್ತದೆ. ನಾನು ಲ್ಯಾಬಿನಲ್ಲಿದ್ದಾಗ ದಸರಾ ಮುಗಿದ ವಾರ ರೀಲುಗಳನ್ನು ಚೀಲಗಳಲ್ಲಿ ತಂದು ಸುರಿಯುತ್ತಿದ್ದರು. ಈಗ ಕಲರ್ ಫಿಲ್ಮಿಗೆ ಎಮಲ್ಷನ್, ಅಂದರೆ ಬೆಳಕಿಗೆ ಸ್ಪಂದಿಸುವ ಲೇಪ, ಬಳಿಯುವ ಕಾರ್ಖಾನೆಗಳು ಜಗತ್ತಿನಲ್ಲಿಯೇ ಬೆರಳೆಣಿಕೆಯಷ್ಟು. ಕೊಡಕ್ 2012ರಲ್ಲಿ ದಿವಾಳಿ ರಕ್ಷಣೆ ಕೋರಿತು. ಆ ಹೊತ್ತಿಗೆ ಅದರ ಎಷ್ಟೋ ಕಟ್ಟಡಗಳು ನೆಲಸಮವಾಗಿದ್ದವು. ಫ್ಯೂಜಿ 2021ರಲ್ಲಿ ಪ್ರೊ 400ಎಚ್ ಎಂಬ ಕಲರ್ ಫಿಲ್ಮನ್ನು ನಿಲ್ಲಿಸಿತು. ಆಮೇಲೆ ಯುವಕರು ಫಿಲ್ಮಿಗೆ ಮರಳಿದರು, ಯಂತ್ರಗಳು ಮರಳಲಿಲ್ಲ. ಇಂಗ್ಲೆಂಡಿನ ಹಾರ್ಮನ್ ಕಂಪನಿ 2023ರ ಕೊನೆಯಲ್ಲಿ ಫೀನಿಕ್ಸ್ 200 ಎಂಬ ಹೊಸ ಕಲರ್ ಫಿಲ್ಮ್ ತಂದದ್ದು ನನಗೆ ನಿಜಕ್ಕೂ ಸಂತೋಷ ಕೊಟ್ಟ ಸುದ್ದಿ. ನಮ್ಮ ಪಕ್ಕದ ಊಟಿಯಲ್ಲಿಯೇ ‘ಇಂದು’ ಹೆಸರಿನ ಕಪ್ಪು-ಬಿಳುಪು ಫಿಲ್ಮ್ ತಯಾರಾಗುತ್ತಿತ್ತು. ಹಿಂದೂಸ್ಥಾನ್ ಫೋಟೋ ಫಿಲ್ಮ್ಸ್ ಮುಚ್ಚಿದ ಮೇಲೆ ಅದೂ ಇಲ್ಲ.

ಹಂಡೆನೀರು, ಮೈಸೂರು

ಸಿನಿಮಾ ಫಿಲ್ಮಿನ ಬಗ್ಗೆ ನನ್ನ ಅನುಭವ ಹೇಳುತ್ತೇನೆ. ಎರಡು ವರ್ಷಗಳಿಂದ ಅದನ್ನೇ ಬಳಸುತ್ತಿದ್ದೇನೆ, ಮನೆಯಲ್ಲಿಯೇ ತೊಳೆಯುತ್ತೇನೆ.

ಎಚ್ಚರಿಕೆ ಮೊದಲು. ಹಳೆಯ ದಾಸ್ತಾನಿನ ಕೊಡಕ್ ವಿಷನ್3 ಸಿನಿಮಾ ಫಿಲ್ಮಿನ ಬೆನ್ನಿಗೆ ರೆಮ್‌ಜೆಟ್ ಎಂಬ ಕಪ್ಪು ಇಂಗಾಲದ ಲೇಪವಿರುತ್ತದೆ, ಕೊಡಕ್ 2025ರಿಂದ ಅದನ್ನು ಕೈಬಿಡುತ್ತಿದೆ. ಅಂಥ ರೀಲನ್ನು ಹೇಳದೆ ಕೇಳದೆ ಸಾಮಾನ್ಯ ಕಲರ್ ಫಿಲ್ಮನ್ನು ಸಿ-41 ಕ್ರಮದಲ್ಲಿ ತೊಳೆಯುವ ಲ್ಯಾಬಿಗೆ ಕೊಟ್ಟರೆ ಆ ಮಸಿ ದ್ರಾವಣದಲ್ಲಿ ಕಳಚಿ, ಸಾಲಿನಲ್ಲಿ ಹಿಂದೆ ಬರುವವರ ಮದುವೆಯ ಚಿತ್ರಗಳಿಗೂ ಅಂಟುತ್ತದೆ. ದಯವಿಟ್ಟು ಹಾಗೆ ಮಾಡಬೇಡಿ. ಅದಕ್ಕೆ ಹೊಂದುವ ಕ್ರಮ ಇಸಿಎನ್-2. ಮನೆಯಲ್ಲಾದರೆ ತೊಳೆಯುವ ಮುನ್ನ ಅಡುಗೆ ಸೋಡಾ ಬೆರೆಸಿದ ಬೆಚ್ಚನೆಯ ನೀರನ್ನು ಟ್ಯಾಂಕಿಗೆ ಹಾಕಿ ಜೋರಾಗಿ ಕುಲುಕಬೇಕು. ಶಾಯಿಯಂಥ ನೀರು ಬರುತ್ತದೆ. ತಿಳಿಯಾಗುವವರೆಗೆ ನೀರು ಬದಲಿಸಿ, ಎಲ್ಲ ಮುಗಿದ ಮೇಲೆ ಫಿಲ್ಮಿನ ಬೆನ್ನನ್ನು ಒದ್ದೆ ಸ್ಪಂಜಿನಿಂದ ಒರೆಸಿ.

ಲೇಪ ತೆಗೆದ ಮೇಲೆ ಸಿ-41 ದ್ರಾವಣದಲ್ಲಿಯೂ ಅದನ್ನು ತೊಳೆಯಬಹುದು, ಆದರೆ ಕಾಂಟ್ರಾಸ್ಟ್ ಏರುತ್ತದೆ, ಬಣ್ಣ ಸ್ವಲ್ಪ ವಾಲುತ್ತದೆ. ತಂದೆಯವರ ಚಿತ್ರಗಳ ಪಕ್ಕದಲ್ಲಿಡುವ ಹಗಲಿನ ಚಿತ್ರಗಳಿಗೆ ನಾನಾದರೆ ಗೋಲ್ಡ್ ಬಿಡುವುದಿಲ್ಲ. ಬೆಳಗಿನ ಜಾವ ಬಲ್ಬಿನ ಬೆಳಕಿನಲ್ಲಿ, ಉರಿಯ ಕೆಂಪಿನಲ್ಲಿ ಬೆಲ್ಲ ಕಾಯಿಸುವುದನ್ನು ತೆಗೆಯುವುದಾದರೆ ಮಾತ್ರ ವಿಷನ್3ರ 500ಟಿ ಫಿಲ್ಮ್ ನೋಡಿ. ಅದನ್ನು ಮಾಡಿರುವುದೇ ಹಳದಿ ಬೆಳಕಿಗೆ. ಹಗಲಿನಲ್ಲಿ ಫಿಲ್ಟರ್ ಇಲ್ಲದೆ ಬಳಸಿದರೆ ಎಲ್ಲವೂ ನೀಲಿ.

ಮನೆಯಲ್ಲಿ ಸಿ-41 ತೊಳೆಯುವುದು ಜನ ಹೆದರುವಷ್ಟು ಕಷ್ಟವಲ್ಲ. ಡೆವಲಪರ್ 37.8 ಡಿಗ್ರಿಯಲ್ಲಿ 3 ನಿಮಿಷ 15 ಸೆಕೆಂಡ್. ನಾನು ಹಂಡೆಯ ಬಿಸಿನೀರನ್ನು ಬಕೆಟ್ಟಿನಲ್ಲಿ ಬೆರೆಸಿ ಬಾಟಲಿಗಳನ್ನು ಅದರಲ್ಲಿ ನಿಲ್ಲಿಸುತ್ತೇನೆ. 37.8 ಎಂದರೆ 100 ಡಿಗ್ರಿ ಫ್ಯಾರನ್‌ಹೀಟ್, ಜ್ವರದ ಲೆಕ್ಕ. ಅಗ್ಗದ ಥರ್ಮಾಮೀಟರ್ ನಿಜ ಹೇಳುತ್ತಿದೆಯೇ ಎಂದು ಮೊದಲು ಬರಿಯ ನೀರಿನಲ್ಲಿ ಜ್ವರದ ಥರ್ಮಾಮೀಟರ್ ಜೊತೆ ಹೋಲಿಸಿಕೊಳ್ಳಿ. ದ್ರಾವಣ ಬೆರೆಸಿದ ಮೇಲೆ ಹೆಚ್ಚು ಕಾಲ ಬಾಳುವುದಿಲ್ಲ, ಆದ್ದರಿಂದ ಏಳೆಂಟು ರೀಲು ಸೇರಿದ ಮೇಲೆ ಒಟ್ಟಿಗೆ ತೊಳೆಯಿರಿ. ಅಡುಗೆಯ ಪಾತ್ರೆ ಮುಟ್ಟಬೇಡಿ. ಡೆವಲಪರ್ ನಂತರ ಹಾಕುವ ಬ್ಲಿಕ್ಸ್ ದ್ರಾವಣದಲ್ಲಿ, ಬಳಸಿದ ಮೇಲೆ, ಫಿಲ್ಮಿನ ಬೆಳ್ಳಿ ಉಳಿದಿರುತ್ತದೆ, ಅದನ್ನು ನಾಲೆಗೋ ಗದ್ದೆಗೋ ಚೆಲ್ಲಬೇಡಿ.

ತ್ರಿವರ್ಣ, ಶ್ರೀರಂಗಪಟ್ಟಣ

ಕಪ್ಪು-ಬಿಳುಪಿಗೆ ಇಳಿಯುವುದೆಂದರೆ ಬಣ್ಣ ಬಿಡುವುದೇ ಆಗಬೇಕಿಲ್ಲ. ಒಂದೇ ದೃಶ್ಯವನ್ನು ಕೆಂಪು, ಹಸಿರು, ನೀಲಿ ಫಿಲ್ಟರ್‌ಗಳ ಮೂಲಕ ಮೂರು ಸಲ ತೆಗೆದು ಕಂಪ್ಯೂಟರಿನಲ್ಲಿ ಕೂಡಿಸಿದರೆ ಬಣ್ಣ ಬರುತ್ತದೆ. 1861ರಲ್ಲಿ ವಿಜ್ಞಾನಿ ಮ್ಯಾಕ್ಸ್‌ವೆಲ್ ತೋರಿಸಿದ ದಾರಿಯೇ ಇದು. ಸೋಮನಾಥಪುರದ ಗೋಡೆಗಳನ್ನು ನಾನು ಹೀಗೆಯೇ ತೆಗೆದಿದ್ದೇನೆ. 100 ಅಡಿಯ ಸುರುಳಿ ಕೊಂಡು ನಾವೇ ಸುತ್ತಿಕೊಂಡರೆ ಸುಮಾರು 18 ರೀಲು ಸಿಗುತ್ತವೆ.

ಕತ್ತಲೆಕೋಣೆ, ಮೈಸೂರು

ಕಲ್ಲಿಗೆ ಸರಿ. ಆಲೆಮನೆಯಲ್ಲಿ ಯಾವುದೂ ನಿಲ್ಲುವುದಿಲ್ಲ. ಹಬೆ ಮೂರು ಬಣ್ಣಗಳಾಗಿ ಒಡೆಯುತ್ತದೆ, ಬೆಲ್ಲ ಮಗುಚುವವರ ಕೈಯೂ ಹಾಗೆಯೇ. ಇವರ ಕೆಲಸಕ್ಕೆ ಅದು ಹೊಂದುವುದಿಲ್ಲ.

ಹೊಸ ರೀಲು ಕೊಳ್ಳುವಾಗ ನಾಲ್ಕೈದು ಜನ ಸೇರಿ ಒಟ್ಟಿಗೆ ತರಿಸಿ, ಅವಧಿ ನೋಡಿ ಹಂಚಿಕೊಳ್ಳಿ. ಗಾಳಿಯಾಡದ ಡಬ್ಬಿಯಲ್ಲಿ ಹಾಕಿ ಫ್ರಿಜ್‌ನಲ್ಲಿಡಿ. ಬಳಸುವ ಎರಡು ಗಂಟೆ ಮುಂಚೆ ಹೊರತೆಗೆದು, ತಣ್ಣಗಿರುವಾಗ ಪೊಟ್ಟಣ ಒಡೆಯಬೇಡಿ, ಒಳಗೆ ನೀರು ಹನಿಗಟ್ಟುತ್ತದೆ. ಮತ್ತೆ ಒಂದು ನೋಟ್‌ಬುಕ್ ಇಟ್ಟುಕೊಂಡು ಪ್ರತಿ ಫ್ರೇಮಿನ ಶಟರ್, ಅಪರ್ಚರ್ ಬರೆಯಿರಿ. ಫಿಲ್ಮಿನ ಬೆಲೆ ನಮ್ಮ ಕೈಯಲ್ಲಿಲ್ಲ, ಹಾಳಾಗುವ ಫ್ರೇಮುಗಳ ಸಂಖ್ಯೆ ಇದೆ.

ಆಲೆಮನೆ, ಮಂಡ್ಯ

ಮೂರು ವಾರಗಳ ನಂತರ ಬರೆಯುತ್ತಿದ್ದೇನೆ. ಕಬ್ಬಿನ ಗದ್ದೆಯ ಪರೀಕ್ಷೆಯಲ್ಲಿ ಹಳೆಯ ಬ್ಯಾಟರಿಗೆ ಮುಳ್ಳು 16ಕ್ಕೆ ಓಡಿತು. ಜಿಂಕ್-ಏರ್ ಹಾಕಿದ ಮೇಲೆ 11ರಿಂದ ಕೂದಲೆಳೆಯಷ್ಟು ಆಚೆ ನಿಂತಿತು. ತಂದೆಯ ನೆಗೆಟಿವ್‌ಗಳನ್ನೂ ತೆಗೆದು ನೋಡಿದೆ, ನೀವು ಹೇಳಿದಂತೆಯೇ ಗಟ್ಟಿಯಾಗಿವೆ.

ಗೋಲ್ಡ್ ರೀಲೊಂದನ್ನು 100ಕ್ಕೆ ಇಟ್ಟು ತೆಗೆದೆ. ನಿನ್ನೆ ನೆಗೆಟಿವ್ ಬಂತು. 36ರಲ್ಲಿ 31 ಫ್ರೇಮ್ ಉಳಿದಿವೆ. ಕೊಪ್ಪರಿಗೆಯ ಹಿಂದೆ ನಿಂತ ಹಿರಿಯರ ಮುಖ ಹಬೆಯ ನಡುವೆಯೂ ಕಾಣುತ್ತಿದೆ, ಅಚ್ಚಿನಲ್ಲಿ ಹುಯ್ದ ಬೆಲ್ಲದ ಬಣ್ಣ ಬೆಲ್ಲದ ಬಣ್ಣವಾಗಿಯೇ ಬಂದಿದೆ. ಹಾಳಾದ ಐದೂ ನಾನು ಅವಸರದಲ್ಲಿ ಆಟೋಗೆ ಬಿಟ್ಟವು, ನೋಟ್‌ಬುಕ್ ನೋಡಿ ತಿಳಿಯಿತು.

ಹಂಡೆನೀರು ಅವರೇ, ನಿಮ್ಮಲ್ಲಿ 500ಟಿ ಇದ್ದರೆ ಒಂದು ರೀಲನ್ನು ನಾನು ಕೊಳ್ಳುತ್ತೇನೆ. ಇಲ್ಲಿ ಬೆಳಗಿನ ಜಾವ ನಾಲ್ಕಕ್ಕೆ ಒಲೆ ಹೊತ್ತಿಸುತ್ತಾರೆ. ನೀವೂ ಬರುವುದಾದರೆ ಹಿಂದಿನ ರಾತ್ರಿಯೇ ಬಂದು ನಮ್ಮ ಮನೆಯಲ್ಲಿ ಉಳಿದುಕೊಳ್ಳಿ.