ಎಲ್ಲರೂ ಒಂದೊಂದು ಅಡುಗೆ ತರುವ ಊಟ: ಅನ್ನ ಯಾರು ಮಾಡಬೇಕು?

ಕೋಡಿಬಾಗದವಳು:
ಡಿಸೆಂಬರ್ 25ರ ರಾತ್ರಿ ಕಾರವಾರದ ನಮ್ಮ ಮನೆ ತಾರಸಿಯಲ್ಲಿ ಊಟ ಇಟ್ಟುಕೊಂಡಿದ್ದೇವೆ. ಒಂಬತ್ತು ಮನೆ, ಮಕ್ಕಳೂ ಸೇರಿ 30 ಜನ. ಮನೆಗೊಂದು ಅಡುಗೆ ತರಬೇಕು. ಹೋದ ವರ್ಷ "ನಿಮಗೆ ಅನುಕೂಲ ಆದದ್ದು ತನ್ನಿ" ಅಂದುಬಿಟ್ಟೆ. ಮೂರು ಮನೆಯಿಂದ ಕೇಸರಿಬಾತ್ ಬಂತು, ಎರಡು ಮನೆಯಿಂದ ಗೋಬಿ ಮಂಚೂರಿ, ಅನ್ನ ಮಾತ್ರ ಯಾರೂ ತರಲಿಲ್ಲ. ರಾತ್ರಿ ಎಂಟೂವರೆಗೆ ಸೀರೆ ಸೆರಗು ಸಿಕ್ಕಿಸಿಕೊಂಡು ನಾನೇ ಕುಕ್ಕರ್ ಇಟ್ಟೆ. ಇನ್ನೊಂದು ತಲೆಬಿಸಿ ಅಂದರೆ ಮೂರು ಮನೆಯವರು ಮೀನು ಮುಟ್ಟುವವರಲ್ಲ, ಉಳಿದವರಿಗೆ ಮೀನಿಲ್ಲದಿದ್ದರೆ ಊಟ ಆದ ಹಾಗೇ ಅಲ್ಲ. ಶಿರಸಿಯಿಂದ ನಾದಿನಿ ಮನೆಯವರೂ ಬರುತ್ತಾರೆ, ಮೂರು ತಾಸಿನ ದಾರಿ. ಇದೇ ತನ್ನಿ ಅಂತ ಹೇಳಿದರೆ ದೊಡ್ಡಸ್ತಿಕೆ ಅನ್ನಿಸುತ್ತಾ?

ಅಡಿಕೆ ತೋಟ:
ಏನೂ ಅನ್ನಿಸುವುದಿಲ್ಲ ಅಕ್ಕ, ಹೇಳದಿದ್ದರೇ ಕಷ್ಟ. ಅನ್ನ, ಸಾರು ಕರೆದವರ ಮನೆಯದೇ ಇರಲಿ. ಒಂದು ಕೆಜಿ ಅಕ್ಕಿ ಎಂಟು ಹತ್ತು ಜನಕ್ಕೆ ಆಗುತ್ತದೆ, ನಿಮಗೆ ಮೂರು ಕೆಜಿ ಧಾರಾಳ. ಶಿರಸಿಯವರಿಗೆ ತೊಡದೇವು ಹೇಳಿ. ಗಡಿಗೆ ಬೆನ್ನಿನ ಮೇಲೆ ಬಳಿದು ತೆಗೆಯುವ ಒಣ ತಿಂಡಿ, ಕೆಡುವ ಮಾತೇ ಇಲ್ಲ, ದೇವಿಮನೆ ಘಟ್ಟದ ತಿರುವಿನಲ್ಲಿ ನಾಲ್ಕು ಮುರಿದರೂ ರುಚಿಗೇನೂ ಆಗುವುದಿಲ್ಲ. ಜೊತೆಗೆ ಉಪ್ಪಿನಲ್ಲಿ ಹಾಕಿಟ್ಟ ಅಪ್ಪೆಮಿಡಿ ತರಲಿ. ಅಲ್ಲೇ ಅರೆದು, ನೀರು ಬೆರೆಸಿ, ಒಗ್ಗರಣೆ ಕೊಟ್ಟರೆ ಅಪ್ಪೆಹುಳಿ. ತಂಬುಳಿ ಮಾತ್ರ ಅಷ್ಟು ದೂರದಿಂದ ತರಿಸಬೇಡಿ, ದಾರಿಯಲ್ಲೇ ಹುಳಿ ಬರುತ್ತದೆ.

ಅಂಕೋಲೆಯವ:
ಮೀನಿನ ವಿಷಯ ನಾನು ಹೇಳುತ್ತೇನೆ. ತಾರಸಿಯ ಆ ತುದಿಗೆ ಬೇರೆ ಮೇಜು ಹಾಕಿ, ಸೌಟೂ ಬೇರೆ. ನಮ್ಮಲ್ಲಿ ಒಮ್ಮೆ ಯಾರೋ ಮೀನು ಸಾರಿನ ಸೌಟನ್ನು ಸಾಂಬಾರಿಗೆ ಹಾಕಿ, ಆಮೇಲೆ ಇಬ್ಬರು ಸುಮ್ನೆ ಮೊಸರನ್ನ ತಿಂದು ಎದ್ದರು, ನೋಡಲಿಕ್ಕೇ ಬೇಜಾರು. ಬಂಗಡೆಗೆ ಮಸಾಲೆ ಹಚ್ಚಿ ತಂದು ಅಲ್ಲೇ ಹುರಿಯಲಿ, ಮನೆಯಲ್ಲಿ ಹುರಿದು ತಂದದ್ದು ಮೆತ್ತಗಾಗಿರುತ್ತದೆ. ಇನ್ನು ಕಾಯಿ ಅರೆದು ಮಾಡಿದ್ದು ಏನೇ ಇರಲಿ, ಬಿಸಿ ಬಿಸಿ ಇರುವಾಗ ಮುಚ್ಚಳ ಒತ್ತಿ ತಂದರೆ ನಮ್ಮ ಸೆಕೆಗೆ ಹಳಸುತ್ತದೆ. ಸಂಜೆ ಮೇಲೇ ಮಾಡಿ, ಬಂದ ಕೂಡಲೇ ಇನ್ನೊಮ್ಮೆ ಕುದಿಸಬೇಕು. ಇದನ್ನು ಎಲ್ಲರಿಗೂ ಮೊದಲೇ ಹೇಳಿಬಿಡಿ.

ಹೊನ್ನಾವರ ಹುಡುಗಿ:
ವಾಟ್ಸಾಪ್ ಗ್ರೂಪಲ್ಲಿ ಪಟ್ಟಿ ಹಾಕಬೇಡಿ ಮಾರಾಯ್ರೆ. ಎಲ್ಲರೂ ಹೆಬ್ಬೆರಳು ಒತ್ತುತ್ತಾರೆ, ಒಬ್ಬರೂ ಓದಿರುವುದಿಲ್ಲ. ಒಬ್ಬೊಬ್ಬರಿಗೂ ಫೋನ್ ಮಾಡಿ, "ನಿಮ್ಮ ಕೈಯ ಪಲ್ಯ ಮಕ್ಕಳು ಕೇಳುತ್ತಾ ಇದ್ದರು" ಅನ್ನಿ, ಖುಷಿಯಿಂದ ತರುತ್ತಾರೆ. ಸಿಹಿ ಯಾರಿಗೂ ಹೇಳಬೇಡಿ. ಅವತ್ತು ಕ್ರಿಸ್ಮಸ್ ಅಲ್ವಾ, ಪಕ್ಕದ ಮನೆಗಳಿಂದ ನೇವ್ರಿ, ಕುಲ್ಕುಲ್ ಹೇಗೂ ಬರುತ್ತದೆ. ಒಬ್ಬನೇ ಇರುವ ಹುಡುಗರಿದ್ದರೆ ಬಾಳೆಎಲೆ, ಐಸ್‌ಕ್ರೀಂ ಅವರದು. ಹೆಸರು ಕೊರೆಸಿದ ಸ್ಟೀಲ್ ಪಾತ್ರೆಯಲ್ಲೇ ತರಲು ಹೇಳಿ, ಇಲ್ಲದಿದ್ದರೆ ಸಂಕ್ರಾಂತಿವರೆಗೂ "ಈ ಮುಚ್ಚಳ ಯಾರದು" ಅಂತ ಫೋಟೋ ಹಾಕುತ್ತಾ ಇರಬೇಕಾಗುತ್ತದೆ.

ಕೋಡಿಬಾಗದವಳು:
ಮುಚ್ಚಳದ ಮಾತು ನಿಜ, ಹೋದ ವರ್ಷದ್ದು ಎರಡು ಇನ್ನೂ ನಮ್ಮಲ್ಲೇ ಇವೆ. ಅನ್ನ, ಸಾರು ನನ್ನದು. ಎರಡು ಮೇಜು ಹಾಕುತ್ತೇನೆ, ತೊಡದೇವಿಗೆ ನಾದಿನಿ ಆಗಲೇ ಹೂಂ ಅಂದಿದ್ದಾಳೆ. ಆರು ಮನೆಗೆ ಫೋನ್ ಆಯಿತು. ಉಳಿದದ್ದು ಕೇಸರಿಬಾತಿನ ಮೂರು ಮನೆ. ಅವರಲ್ಲಿ ಒಬ್ಬರು ನಮ್ಮ ಅತ್ತೆ, ಅವರಿಗೆ ಪಲ್ಯ ತನ್ನಿ ಅಂತ ಯಾರು ಹೇಳುವುದು?