ಪ್ರಶ್ನೋತ್ತರ: ಪಲ್ಸ್ ಜೆಟ್ ಎಂಜಿನ್ನಿನ ಮಾದರಿ ವಿಮಾನ

ಪ್ರಶ್ನೆ (ಸಿಂಧನೂರಿನ ಸದಸ್ಯರು):
ಸರ್, ನಮಸ್ಕಾರ. ನಾಲ್ಕು ವರ್ಷಗಳಿಂದ ರಿಮೋಟ್ ಕಂಟ್ರೋಲ್ ಮಾದರಿ ವಿಮಾನಗಳನ್ನು ಹಾರಿಸುತ್ತಿದ್ದೇನೆ. ಮೊದಲು ಬ್ಯಾಟರಿಯವು, ಆಮೇಲೆ ಗ್ಲೋ ಎಂಜಿನ್ನಿನವು (ಮೆಥನಾಲ್ ಬೆರೆತ ಇಂಧನದಿಂದ ಓಡುವ ಪುಟ್ಟ ಎಂಜಿನ್). ಈಗ ಸ್ಟೇನ್‌ಲೆಸ್ ಸ್ಟೀಲ್ ತಗಡಿನಲ್ಲಿ 53 ಸೆಂ.ಮೀ. ಉದ್ದದ ಪಲ್ಸ್ ಜೆಟ್ ಒಂದನ್ನು ಮಾಡಿಸಿದ್ದೇನೆ. ಕಂಪ್ರೆಸರ್‌ನಿಂದ ಗಾಳಿ ಊದುವವರೆಗೆ ಚೆನ್ನಾಗಿ ಗುಡುಗುತ್ತದೆ, ಗಾಳಿ ತೆಗೆದ ನಾಲ್ಕೈದು ಸೆಕೆಂಡಿಗೆ ನಿಂತುಹೋಗುತ್ತದೆ. ಇದಕ್ಕೆ ಕಾರಣವೇನು? ನಮ್ಮೂರಿನ ಜಾತ್ರೆ ಬರುತ್ತಿದೆ. ಜೋಳದ ರಾಶಿ ಮುಗಿದು ಹೊಲಗಳು ಖಾಲಿಯಾಗಿರುತ್ತವೆ. ಅಂದು ಎಲ್ಲರೆದುರು ಬಾಲ್ಸಾ ಮರದ ವಿಮಾನಕ್ಕೆ ಇದನ್ನು ಕಟ್ಟಿ ಹಾರಿಸಬೇಕೆಂದು ಗೆಳೆಯರು ಒತ್ತಾಯಿಸುತ್ತಿದ್ದಾರೆ. ದಯವಿಟ್ಟು ತಿಳಿಸಿ.

ಉತ್ತರ:
ಜಾತ್ರೆಯ ಮಾತಿಗೆ ಮೊದಲು ಉತ್ತರಿಸುತ್ತೇನೆ: ಅಂದು ಬೇಡ, ಆ ಹೊಲದಲ್ಲಂತೂ ಬೇಡ. ಕಾರಣವನ್ನು ಮುಂದೆ ಹೇಳುತ್ತೇನೆ, ಏಕೆಂದರೆ ಅದು ನಿಮ್ಮ ಎಂಜಿನ್ ನಿಂತುಹೋಗುವ ಕಾರಣದ ಜೊತೆಗೇ ಹೆಣೆದುಕೊಂಡಿದೆ.

ಈ ಎಂಜಿನ್ನಿನಲ್ಲಿ ತಿರುಗುವ ಭಾಗ ಒಂದೂ ಇಲ್ಲ. ಮುಂದೆ ತೂತುಗಳಿರುವ ವಾಲ್ವ್ ತಟ್ಟೆ, ಆ ತೂತುಗಳನ್ನು ಒಳಗಿನಿಂದ ಮುಚ್ಚುವ ಹೂವಿನ ಎಸಳಿನಂಥ ಸ್ಪ್ರಿಂಗ್ ಸ್ಟೀಲ್ ನಾಲಿಗೆಗಳು, ಹಿಂದೆ ದಹನಕೋಣೆ, ಅದರ ಹಿಂದೆ ಉದ್ದನೆಯ ಟೇಲ್ ಪೈಪ್, ಇಷ್ಟೇ. ಒಳಗೆ ಗಾಳಿ ಮತ್ತು ಇಂಧನದ ಮಿಶ್ರಣ ಹೊತ್ತಿಕೊಂಡಾಗ ಒತ್ತಡ ಏರಿ ಎಸಳುಗಳು ತಟ್ಟೆಗೆ ಅಂಟಿಕೊಳ್ಳುತ್ತವೆ, ಅನಿಲ ಹಿಂದಕ್ಕೆ ನುಗ್ಗುತ್ತದೆ; ನುಗ್ಗಿದ ರಭಸಕ್ಕೆ ಕೋಣೆಯ ಒತ್ತಡ ಹೊರಗಿನ ಗಾಳಿಗಿಂತ ಕೆಳಗಿಳಿಯುತ್ತದೆ, ಆಗ ಎಸಳುಗಳು ತೆರೆದುಕೊಂಡು ಹೊಸ ಗಾಳಿಯನ್ನೂ ಇಂಧನವನ್ನೂ ಒಳಗೆಳೆಯುತ್ತವೆ, ಉಳಿದ ಬಿಸಿ ಅನಿಲ ಅದನ್ನು ಮತ್ತೆ ಹೊತ್ತಿಸುತ್ತದೆ. ಎರಡನೆಯ ಮಹಾಯುದ್ಧದಲ್ಲಿ, 1944ರಿಂದ, ಲಂಡನ್ ಮೇಲೆ ಬಿದ್ದ ಜರ್ಮನಿಯ ವಿ-1 ಹಾರುಬಾಂಬಿನ ಆರ್ಗಸ್ ಎಂಜಿನ್ ಇದೇ ಕೆಲಸವನ್ನು ಸೆಕೆಂಡಿಗೆ ಸುಮಾರು 45 ಬಾರಿ ಮಾಡುತ್ತಿತ್ತು. ಕೊಳವೆ ಗಿಡ್ಡವಾದಷ್ಟೂ ಬಡಿತ ಹೆಚ್ಚು. ನಿಮ್ಮ ಅಳತೆಯ ಎಂಜಿನ್, ಯುದ್ಧದ ನಂತರ ಅಮೆರಿಕದಲ್ಲಿ ಹವ್ಯಾಸಿಗಳಿಗಾಗಿ ಮಾರಾಟವಾದ ಡೈನಾಜೆಟ್‌ನ ಹಾಗೆ, ಸೆಕೆಂಡಿಗೆ 200ಕ್ಕೂ ಹೆಚ್ಚು ಬಾರಿ ಬಡಿಯುತ್ತದೆ. ಅಂದರೆ ಒಂದೊಂದು ಎಸಳೂ ನಿಮಿಷಕ್ಕೆ 12,000 ಸಲಕ್ಕೂ ಮೇಲೆ ಬಿಸಿ ತಟ್ಟೆಗೆ ಅಪ್ಪಳಿಸುತ್ತದೆ.

ಗಾಳಿ ತೆಗೆದ ಕೂಡಲೇ ನಿಲ್ಲುವ ಎಂಜಿನ್ನಿನಲ್ಲಿ ನಾನು ಮೊದಲು ಅನುಮಾನಿಸುವುದು ಆ ಎಸಳುಗಳನ್ನೇ. ಬಿಚ್ಚಿ, ತಟ್ಟೆಯ ಸಮೇತ ಟ್ಯೂಬ್‌ಲೈಟಿಗೆ ಎದುರಾಗಿ ಹಿಡಿಯಿರಿ. ಎಸಳಿನ ಅಂಚಿನಲ್ಲಿ ಬೆಳಕಿನ ಗೆರೆ ಕಂಡರೆ ಅದು ಸೋರುತ್ತಿದೆ. ಕತ್ತರಿಯಿಂದ ಕತ್ತರಿಸಿದ ಎಸಳಾದರೆ ಅಂಚು ಒಂದು ಕೂದಲಿನಷ್ಟು ಬಾಗಿಯೇ ಇರುತ್ತದೆ. 0.15ರಿಂದ 0.2 ಮಿ.ಮೀ. ದಪ್ಪದ ಸ್ಪ್ರಿಂಗ್ ಸ್ಟೀಲ್ ಹಾಳೆಗಳನ್ನು ಎರಡು ದಪ್ಪ ಕಬ್ಬಿಣದ ತಟ್ಟೆಗಳ ನಡುವೆ ಬಿಗಿದು, ತಟ್ಟೆಯ ಆಕಾರಕ್ಕೆ ಅರದಿಂದ ಉಜ್ಜಿ ತೆಗೆಯಿರಿ. ಆಮೇಲೆ ಅಂಚುಗಳನ್ನು ನಯವಾದ ಎಮರಿ ಕಾಗದದಿಂದ ಸವರಿ. ವಾಲ್ವ್ ತಟ್ಟೆಯ ಮುಖವನ್ನು ದಪ್ಪ ಗಾಜಿನ ಮೇಲೆ ಅಂಟಿಸಿದ ಎಮರಿಯ ಮೇಲೆ ಎಂಟರ ಆಕಾರದಲ್ಲಿ ತಿಕ್ಕಿ ಸಮ ಮಾಡಿ. ಅರ್ಧ ದಿನ ಹಿಡಿಯುವ, ಬೇಸರ ತರಿಸುವ ಕೆಲಸ ಇದು, ಆದರೆ ಇದನ್ನು ಬಿಟ್ಟು ಉಳಿದೆಲ್ಲವನ್ನೂ ಮಾಡಿ ವರ್ಷಗಟ್ಟಲೆ ಪರದಾಡಿದವರನ್ನು ನಾನು ನೋಡಿದ್ದೇನೆ.

ಎಸಳು ಸರಿಯಿದ್ದೂ ನಿಲ್ಲುವುದಾದರೆ ಮಿಶ್ರಣವನ್ನು ನೋಡಿ. ಚಟಪಟ ಸದ್ದು ಮಾಡಿ ಸತ್ತರೆ ಇಂಧನ ಕಡಿಮೆ. ಹಳದಿ ಜ್ವಾಲೆ ಹಿಂದೆ ಚಾಚಿ, ಮಂದವಾಗಿ ಗೊಣಗಿ ಸತ್ತರೆ ಹೆಚ್ಚು. ಟ್ಯಾಂಕಿನ ಎತ್ತರವೂ ಮುಖ್ಯ. ಇಂಧನದ ಮಟ್ಟ ಜೆಟ್ ರಂಧ್ರಕ್ಕಿಂತ (ಎಂಜಿನ್ನಿನೊಳಗೆ ಇಂಧನ ಚಿಮ್ಮುವ ಸಣ್ಣ ತೂತು) ಒಂದು ಸೆಂ.ಮೀ.ನಷ್ಟು ಕೆಳಗಿದ್ದರೆ ಎಂಜಿನ್ ತಾನೇ ಹೀರಿಕೊಳ್ಳುತ್ತದೆ. ಮೇಲಿದ್ದರೆ ಎಂಜಿನ್ ನಿಂತ ಮೇಲೂ ಪೆಟ್ರೋಲು ಕೆಂಪಗೆ ಕಾದ ಕೊಳವೆಯೊಳಗೆ ತಾನಾಗಿ ಇಳಿಯುತ್ತಿರುತ್ತದೆ.

ನನಗೆ ಬುದ್ಧಿ ಬಂದದ್ದು ಹೀಗೆಯೇ. ಬಳ್ಳಾರಿಯ ಹೊರಗೆ ಒಂದು ಕೂಳೆ ಹೊಲದ ಬದುವಿನಲ್ಲಿ ಎಂಜಿನ್ ಬಿಗಿದು ಪರೀಕ್ಷಿಸುವ ಸ್ಟ್ಯಾಂಡ್ ಹೂಡಿ, ಟ್ಯಾಂಕನ್ನು ಅವಸರದಲ್ಲಿ ಒಂದು ಇಟ್ಟಿಗೆಯ ಮೇಲೆ ಏರಿಸಿಟ್ಟಿದ್ದೆ. ಎಂಜಿನ್ ಹತ್ತಲಿಲ್ಲ. ಮತ್ತೆ ಊದಿದೆ, ಹತ್ತಲಿಲ್ಲ. ಮೂರನೆಯ ಸಲ ಕಿಡಿ ಹಿಡಿದಾಗ ಅಷ್ಟು ಹೊತ್ತು ಕೊಳವೆಯಲ್ಲಿ ನಿಂತಿದ್ದ ಪೆಟ್ರೋಲೆಲ್ಲ ಒಂದೇ ಬಾರಿಗೆ ಹಿಂದಿನಿಂದ ಉರಿದು ಬಂತು, ಆಳೆತ್ತರದ ನಾಲಿಗೆಯಾಗಿ. ಒಣಗಿದ ಕೂಳೆಗೆ ಬೆಂಕಿ ಹತ್ತಿ, ಐವತ್ತು ಹೆಜ್ಜೆ ಆಚೆಗಿದ್ದ ಕಣಿಕೆಯ ಬಣವೆಯ ಕಡೆ ನಡೆಯತೊಡಗಿತು. ಹೊಲದ ಯಜಮಾನರು ಒದ್ದೆ ಗೋಣಿಚೀಲದಿಂದ ಬಡಿದು ಆರಿಸದಿದ್ದರೆ ಅವರ ಎತ್ತುಗಳ ವರ್ಷದ ಮೇವು ನನ್ನ ಹವ್ಯಾಸಕ್ಕೆ ಆಹುತಿಯಾಗುತ್ತಿತ್ತು. ಅಂದಿನಿಂದ ಒಂದು ನಿಯಮ ಇಟ್ಟುಕೊಂಡಿದ್ದೇನೆ: ಮೊದಲು ನಿಲ್ಲಿಸುವ ವ್ಯವಸ್ಥೆ ಕಟ್ಟಬೇಕು, ಅದನ್ನು ಹತ್ತು ಸಲ ಪರೀಕ್ಷಿಸಬೇಕು, ಆಮೇಲೆ ಎಂಜಿನ್.

ಮರುಪ್ರಶ್ನೆ (ಅದೇ ಸದಸ್ಯರು):
ಟ್ಯೂಬ್‌ಲೈಟಿಗೆ ಹಿಡಿದೆ, ಹತ್ತರಲ್ಲಿ ನಾಲ್ಕು ಎಸಳುಗಳಲ್ಲಿ ಬೆಳಕು ಕಾಣಿಸಿತು. ಹೊಸದಾಗಿ ಮಾಡುತ್ತೇನೆ. ನಿಲ್ಲಿಸುವ ವ್ಯವಸ್ಥೆ ಎಂದರೆ ಸರ್ವೋದಿಂದ (ರಿಮೋಟ್‌ನ ಆಜ್ಞೆಗೆ ತಿರುಗುವ ಪುಟ್ಟ ಮೋಟಾರು) ಇಂಧನದ ಪೈಪ್ ಹಿಸುಕಿದರೆ ಸಾಲದೇ? ವಿಮಾನಕ್ಕೆ ಕೂರಿಸುವಾಗ ಮತ್ತೇನು ನೋಡಬೇಕು?

ಉತ್ತರ:
ಸರ್ವೋ ಸಾಕು, ಆದರೆ ಎಲ್ಲಿ ಹಿಸುಕುತ್ತೀರಿ ಎಂಬುದು ಮುಖ್ಯ. ಟ್ಯಾಂಕಿನ ಬಳಿ ಹಿಸುಕಿದರೆ ಅಲ್ಲಿಂದ ಎಂಜಿನ್ನಿನವರೆಗೆ ಪೈಪಿನಲ್ಲಿ ಉಳಿದದ್ದನ್ನೆಲ್ಲ ಸುಟ್ಟೇ ಅದು ನಿಲ್ಲುತ್ತದೆ. ಈ ವಿಮಾನಗಳು ಗಂಟೆಗೆ 200 ಕಿ.ಮೀ. ವೇಗವನ್ನು ಸುಲಭವಾಗಿ ಮುಟ್ಟುತ್ತವೆ. ಆ ವೇಗದಲ್ಲಿ ಮೂರು ಸೆಕೆಂಡಿಗೆ 160 ಮೀಟರ್‌ಗೂ ದೂರ ಹೋಗಿರುತ್ತದೆ. ಆದ್ದರಿಂದ ಕತ್ತರಿಸುವ ವಾಲ್ವ್ ಜೆಟ್ ರಂಧ್ರಕ್ಕೆ ಆದಷ್ಟು ಹತ್ತಿರವಿರಲಿ, ಆದರೆ ಶಾಖ ತಟ್ಟದಂತೆ ವಾಲ್ವ್ ತಟ್ಟೆಯ ಮುಂದಿನ ತಂಪಾದ ಭಾಗದಲ್ಲಿರಲಿ. ರಿಸೀವರ್‌ನ ಫೇಲ್‌ಸೇಫ್ ಅನ್ನು ‘ಇದ್ದಲ್ಲೇ ಇರು’ ಎಂಬ ಸ್ಥಿತಿಯಲ್ಲಿ ಬಿಡಬೇಡಿ. ಸಿಗ್ನಲ್ ತಪ್ಪಿದೊಡನೆ ಇಂಧನ ಮುಚ್ಚುವಂತೆ ಹೊಂದಿಸಿ. ಇದನ್ನು ನಂಬುವುದಕ್ಕೆ ಒಂದೇ ದಾರಿ: ಸ್ಟ್ಯಾಂಡಿನ ಮೇಲೆ ಎಂಜಿನ್ ಗುಡುಗುತ್ತಿರುವಾಗಲೇ ಟ್ರಾನ್ಸ್‌ಮಿಟರ್ ಆಫ್ ಮಾಡಿ, ಎಷ್ಟು ಹೊತ್ತಿಗೆ ನಿಂತಿತೆಂದು ಗಡಿಯಾರ ಹಿಡಿದು ಎಣಿಸಿ, ಬರೆದಿಡಿ.

ಪೈಪಿನ ಬಗ್ಗೆ ಒಂದು ಮಾತು. ಗ್ಲೋ ಎಂಜಿನ್ನಿನ ಸಿಲಿಕೋನ್ ಪೈಪು ಪೆಟ್ರೋಲಿನಲ್ಲಿ ಊದಿಕೊಂಡು ಕಳಚುತ್ತದೆ. ಈಗ ಬಂಕ್‌ಗಳಲ್ಲಿ ಸಿಗುವ ಪೆಟ್ರೋಲಿನಲ್ಲಿ ಎಥೆನಾಲ್ ಕೂಡ ಬೆರೆತಿರುವುದರಿಂದ ಎರಡನ್ನೂ ತಡೆಯುವ ವಿಟಾನ್ ಅಥವಾ ಟೈಗಾನ್ ಪೈಪನ್ನೇ ಕೊಳ್ಳಿರಿ. ಕೆಲವರು ಮೆಥನಾಲ್ ಸುಡುತ್ತಾರೆ, ಎಂಜಿನ್ ತುಸು ತಣ್ಣಗೆ ಓಡುತ್ತದೆ ಎಂಬುದು ನಿಜ. ಆದರೆ ನಮ್ಮ ಕಡೆಯ ಮಧ್ಯಾಹ್ನದ ಬಿಸಿಲಿನಲ್ಲಿ ಮೆಥನಾಲಿನ ಉರಿ ಕಣ್ಣಿಗೆ ಕಾಣುವುದೇ ಇಲ್ಲ. ಕೈ ಸುಟ್ಟ ಮೇಲೆ ಬೆಂಕಿ ಇತ್ತೆಂದು ತಿಳಿಯುವ ಇಂಧನವನ್ನು ಹೊಸಬರಿಗೆ ನಾನು ಹೇಳುವುದಿಲ್ಲ.

ಈ ಎಂಜಿನ್ನನ್ನು ವಿಮಾನದ ಒಡಲೊಳಗೆ ಹುದುಗಿಸಬೇಡಿ. ಬೆನ್ನಿನ ಮೇಲೆ ತೆಳುವಾದ ಸ್ಟೀಲ್ ಕಾಲುಗಳಿಂದ ಎತ್ತಿ ನಿಲ್ಲಿಸಿ, ಕೊಳವೆಗೂ ಮರಕ್ಕೂ ನಡುವೆ ಕನಿಷ್ಠ ಎರಡು ಬೆರಳು ಗಾಳಿ ಆಡುವಂತಿರಲಿ, ಕೆಳಗಿನ ಮರಕ್ಕೆ ಸೆರಾಮಿಕ್ ಫೈಬರ್ ಹಾಸಿ ಮೇಲೆ ಅಲ್ಯೂಮಿನಿಯಂ ಹಾಳೆ ಹೊದಿಸಿ. ಮುಂಗಾಲು ಬಿಗಿಯಾಗಿರಲಿ, ಹಿಂಗಾಲು ಸರಿಯುವಂತಿರಲಿ, ಏಕೆಂದರೆ ಕಾದ ಕೊಳವೆ ಹಲವು ಮಿ.ಮೀ. ಉದ್ದವಾಗುತ್ತದೆ, ಎರಡೂ ಕಡೆ ಬಿಗಿದರೆ ಬೆಸುಗೆ ಸೀಳುತ್ತದೆ. ಬೆಸುಗೆಯನ್ನು ಆರ್ಗಾನ್ ವೆಲ್ಡಿಂಗ್‌ನಲ್ಲೇ ಮಾಡಿಸಿ. ಹೋಟೆಲ್‌ಗಳಿಗೆ ಸ್ಟೀಲ್ ಕೌಂಟರ್ ಮಾಡಿಕೊಡುವ ಅಂಗಡಿಯವರ ಕೈ ಅರ್ಧ ಮಿ.ಮೀ. ತಗಡಿಗೆ ಪಳಗಿರುತ್ತದೆ, ಗೇಟು ಕಿಟಕಿ ಮಾಡುವವರು ತೂತು ಮಾಡಿಬಿಡುತ್ತಾರೆ. ನೆಲದ ಮೇಲೆ ನಿಂತ ವಿಮಾನದಲ್ಲಿ ಎಂಜಿನ್ ಹತ್ತು ಹದಿನೈದು ಸೆಕೆಂಡಿಗಿಂತ ಹೆಚ್ಚು ಓಡಬಾರದು. ತಂಪುಮಾಡುವ ಗಾಳಿ ಸಿಗುವುದು ಹಾರಿದ ಮೇಲೆಯೇ. ಇಂಧನ ನಿಮಿಷಕ್ಕೆ 100 ಮಿ.ಲೀ.ಗೂ ಹೆಚ್ಚು ಖರ್ಚಾಗುತ್ತದೆ, ಹೀಗಾಗಿ ಅರ್ಧ ಲೀಟರ್ ಟ್ಯಾಂಕಿಗೆ ಮೂರು ನಾಲ್ಕು ನಿಮಿಷದ ಹಾರಾಟ. ಇಳಿಯುವುದು ಯಾವಾಗಲೂ ಎಂಜಿನ್ ಆರಿಸಿ, ತೇಲಿಸಿಕೊಂಡೇ. ಅದನ್ನು ಮೊದಲು ಬೇರೆ ವಿಮಾನದಲ್ಲಿ ರೂಢಿಸಿಕೊಳ್ಳಿ.

ಕಿವಿಗೆ ಹತ್ತಿಯ ಉಂಡೆ ಏನೇನೂ ಸಾಲದು. ಹತ್ತಿರದಲ್ಲಿ ಈ ಸದ್ದು 120 ಡೆಸಿಬಲ್ ದಾಟುತ್ತದೆ. ಕಿವಿಯೊಳಗೆ ಪ್ಲಗ್, ಮೇಲೆ ಇಯರ್‌ಮಫ್, ಎರಡೂ ಬೇಕು. ಸುತ್ತಲಿನ ಹೊಲಗಳಲ್ಲಿ ಗಳೆ ಹೂಡಿದ್ದರೆ ಮೊದಲೇ ಹೋಗಿ ಹೇಳಿ ಬನ್ನಿ. ಎತ್ತು ಬೆದರಿದರೆ ನೇಗಿಲ ಹಿಂದಿರುವ ಮನುಷ್ಯನ ಕಾಲಿಗೆ ಅಪಾಯ.

ಪ್ರಶ್ನೆ (ರಾಯಚೂರಿನ ಎಂಜಿನಿಯರಿಂಗ್ ವಿದ್ಯಾರ್ಥಿಗಳು):
ನಾವು ಪ್ರಾಜೆಕ್ಟ್‌ಗಾಗಿ ಎಸಳುಗಳೇ ಇಲ್ಲದ, ವಾಲ್ವ್‌ರಹಿತ ಪಲ್ಸ್ ಜೆಟ್ ಮಾಡಬೇಕೆಂದಿದ್ದೇವೆ. ಹಾಸ್ಟೆಲ್ ಅಡುಗೆಮನೆಯ ಗ್ಯಾಸ್ ಸಿಲಿಂಡರ್ ಬಳಸಬಹುದೇ?

ಉತ್ತರ:
ವಾಲ್ವ್‌ರಹಿತ ಎಂಜಿನ್ ಪ್ರಾಜೆಕ್ಟಿಗೆ ಒಳ್ಳೆಯ ಆಯ್ಕೆ, ಸವೆಯುವ ಭಾಗವೇ ಇಲ್ಲ. ಆದರೆ ಅದನ್ನು ಸ್ಟ್ಯಾಂಡಿಗೆ ಬೋಲ್ಟ್ ಹಾಕಿ ಅಲ್ಲೇ ಇರಿಸಿ. ಯು ಆಕಾರಕ್ಕೆ ಬಾಗಿದ ಆ ಕೊಳವೆಯಲ್ಲಿ ಎರಡೂ ಬಾಯಿಗಳಿಂದ ಬೆಂಕಿ ಹಿಂದಕ್ಕೆ ಬರುವುದರಿಂದ ವಿಮಾನಕ್ಕೆ ಕೂರಿಸುವುದು ತೊಡಕು. ಅಡುಗೆಯ 14.2 ಕಿಲೋ ಸಿಲಿಂಡರ್ ಅನ್ನು ಮುಟ್ಟಬೇಡಿ, ಅದು ಅಡುಗೆಗೆ ಮಾತ್ರ ಕೊಟ್ಟದ್ದು. ಯಾವ ಸಿಲಿಂಡರ್ ಆದರೂ ಅನಿಲ ವೇಗವಾಗಿ ಹೊರಬಂದಾಗ ತಣ್ಣಗಾಗಿ ಮೈಮೇಲೆ ಬಿಳಿ ಮಂಜು ಕಟ್ಟುತ್ತದೆ, ಒತ್ತಡ ಕುಸಿಯುತ್ತದೆ, ಎಂಜಿನ್ ಸೊರಗುತ್ತದೆ. ಆಗ ಅದನ್ನು ಮಗುಚಿ ಹಾಕುವ, ಬಿಸಿನೀರಿನಲ್ಲಿ ನಿಲ್ಲಿಸುವ ಯೋಚನೆ ಖಂಡಿತ ಬರುತ್ತದೆ. ಬಂದ ಕೂಡಲೇ ಅಂದಿನ ಪ್ರಯೋಗವನ್ನು ಮುಗಿಸಿಬಿಡಿ. ಕೊಠಡಿಯ ಒಳಗೆ ಓಡಿಸಲೇಬೇಡಿ, ಕಾರ್ಬನ್ ಮಾನಾಕ್ಸೈಡ್‌ಗೆ ವಾಸನೆಯಿಲ್ಲ.

ಪ್ರಶ್ನೆ (ತೋರಣಗಲ್ಲಿನ ಸದಸ್ಯರು):
ಅನುಮತಿ ಯಾರದು ಬೇಕು? ನಮ್ಮ ಹೊಲ ಊರ ಪಕ್ಕದಲ್ಲೇ ಇದೆ.

ಉತ್ತರ:
ನಿಮ್ಮ ಊರಿನ ಪಕ್ಕದಲ್ಲಿ ವಿದ್ಯಾನಗರ ವಿಮಾನ ನಿಲ್ದಾಣವಿದೆ, ಹಾಗಾಗಿ ನಿಮ್ಮ ಹೊಲವನ್ನು ಮರೆತುಬಿಡಿ. 2021ರ ಡ್ರೋನ್ ನಿಯಮಗಳ ಪ್ರಕಾರ ಚಾಲನೆಯಲ್ಲಿರುವ ವಿಮಾನ ನಿಲ್ದಾಣದ ಗಡಿಯಿಂದ 8ರಿಂದ 12 ಕಿ.ಮೀ. ಅಂತರದಲ್ಲಿ 200 ಅಡಿಯವರೆಗೆ, ಅದರಾಚೆ 400 ಅಡಿಯವರೆಗೆ ಹಸಿರು ವಲಯ, ಅಂದರೆ ಮುಂಚಿತ ಅನುಮತಿ ಬೇಡದ ಆಕಾಶ; 8 ಕಿ.ಮೀ. ಒಳಗೆ ಹಸಿರು ವಲಯವೇ ಇಲ್ಲ. ಡಿಜಿಟಲ್ ಸ್ಕೈ ಎಂಬ ಸರ್ಕಾರಿ ಜಾಲತಾಣದ ನಕ್ಷೆಯಲ್ಲಿ ನಿಮ್ಮ ಜಾಗವನ್ನು ಹಾರಿಸುವ ದಿನವೇ ನೋಡಿ. 2 ಕಿಲೋವರೆಗಿನ ಮೈಕ್ರೋ ವರ್ಗಕ್ಕೆ ಹವ್ಯಾಸದ ಹಾರಾಟದಲ್ಲಿ ಪೈಲಟ್ ಪ್ರಮಾಣಪತ್ರದ ವಿನಾಯಿತಿ ಇದೆ. ಮೂರು ಕಿಲೋ ತೂಗುವ ಪಲ್ಸ್ ಜೆಟ್ ವಿಮಾನ ಆ ಮಿತಿಯನ್ನು ದಾಟುತ್ತದೆ ಎಂಬುದನ್ನು ಮರೆಯಬೇಡಿ. ಪೊಲೀಸ್ ಠಾಣೆಗೆ ಒಂದು ಅರ್ಜಿ ಕೊಟ್ಟಿರಿ, ಏಕೆಂದರೆ ಈ ಸದ್ದು ಕೇಳಿದ ಊರಿನವರು ಮೊದಲು ಫೋನ್ ಮಾಡುವುದು ಅಲ್ಲಿಗೇ.

ಮರುಪ್ರಶ್ನೆ (ಸಿಂಧನೂರಿನ ಸದಸ್ಯರು):
ಜಾತ್ರೆಯ ಯೋಚನೆ ಬಿಟ್ಟೆ, ಸರ್. ಗೆಳೆಯರು ಮುನಿಸಿಕೊಂಡಿದ್ದಾರೆ. ಸ್ಟ್ಯಾಂಡಿನ ಪರೀಕ್ಷೆಗೆ ಎಂಥ ಜಾಗ ನೋಡಲಿ?

ಉತ್ತರ:
ಮುನಿದವರಿಗೆ ಒಬ್ಬೊಬ್ಬರಿಗೂ ಒಂದೊಂದು ಕೆಲಸ ಕೊಡಿ, ಬೆಂಕಿ ನೋಡಿಕೊಳ್ಳಲು ಕನಿಷ್ಠ ಇಬ್ಬರು ಬೇಕೇ ಬೇಕು. ಹುಲ್ಲಿಲ್ಲದ ಗರಸು ನೆಲ ಅಥವಾ ಒಣಗಿದ ಕೆರೆಯಂಗಳ ನೋಡಿ. ಹತ್ತಿ ಬಿಡಿಸಿದ ಹೊಲ ಬೇಡ, ಕಡ್ಡಿಯಲ್ಲಿ ಉಳಿದ ಹತ್ತಿಯೇ ಬತ್ತಿಯಾಗುತ್ತದೆ. ಸುತ್ತಲಿನ ನೆಲಕ್ಕೆ ನೀರು ಹೊಡೆಯಲು ಬೆನ್ನಿಗೆ ಹಾಕುವ ಔಷಧಿ ಪಂಪನ್ನು ಚೆನ್ನಾಗಿ ತೊಳೆದು ತುಂಬಿಡಿ. ಪೆಟ್ರೋಲಿನ ಉರಿಗೆ ನೀರು ಬೇಡ, ಅದಕ್ಕೆ ಕಾರ್ಬನ್ ಡೈಆಕ್ಸೈಡ್ ಸಿಲಿಂಡರ್ ಇರಲಿ. ಅದನ್ನು ಎಂಜಿನ್ನಿನ ಮುಂದಿನ ಬಾಯಿಗೆ ಹಿಡಿದು ಊದಿದರೆ ಓಡುವ ಎಂಜಿನ್ ಕೂಡ ಉಸಿರುಕಟ್ಟಿ ನಿಲ್ಲುತ್ತದೆ, ಸರ್ವೋ ಕೈಕೊಟ್ಟಾಗ ಉಳಿಯುವ ದಾರಿ ಅದೊಂದೇ. ಹತ್ತದ ಎಂಜಿನ್ನಿಗೆ ಮೂರನೆಯ ಸಲ ಕಿಡಿ ಕೊಡುವ ಮೊದಲು ಸ್ಟ್ಯಾಂಡಿನಿಂದ ಕಳಚಿ, ಬಾಲ ಕೆಳಗೆ ಮಾಡಿ ನಿಂತ ಇಂಧನವನ್ನು ಬಸಿಯಿರಿ. ಎರಡು ನಿಮಿಷ ಓಡಿದ ನಂತರ ಎಸಳುಗಳನ್ನು ಬಿಚ್ಚಿ ನೋಡಿ: ತುದಿ ನೀಲಿಗಟ್ಟಿದ್ದರೆ ಬಿಸಿ ಹೆಚ್ಚಾಗಿದೆ, ಕಚ್ಚಿದ ಉಗುರಿನಂತೆ ಚೂರು ಹಾರಿದ್ದರೆ ಅಂಚು ಸರಿಯಾಗಿ ಸವರಿಲ್ಲ. ಅವುಗಳ ಚಿತ್ರವನ್ನೂ ಟ್ರಾನ್ಸ್‌ಮಿಟರ್ ಆಫ್ ಮಾಡಿದಾಗ ಎಣಿಸಿದ ಸೆಕೆಂಡುಗಳನ್ನೂ ಇಲ್ಲಿ ಹಾಕಿ. ರೆಕ್ಕೆಯ ಅಳತೆಯನ್ನು ಆಮೇಲೆ ಮಾತಾಡೋಣ.