ರಾಬರ್ಟ್‌ಸನ್‌ಪೇಟೆಯಲ್ಲಿ ಹಳೇ ಬೇಸ್ ಗಿಟಾರ್ + ಆಂಪ್, ಎರಡೂ ಸೇರಿ 22 ಸಾವಿರ. ತಗೋಬಹುದಾ?

ಬಂಗಾರಪೇಟೆ_ಬೇಸ್:
ಕೆಜಿಎಫ್ ರಾಬರ್ಟ್‌ಸನ್‌ಪೇಟೆಲಿ ಒಬ್ರು ಐಬನೆಜ್ ಜಿಎಸ್‌ಆರ್200, ನಾಲ್ಕು ತಂತಿದು, ಜೊತೆಗೆ 15 ಇಂಚು ಸ್ಪೀಕರ್‌ನ 100 ವಾಟ್ ಕಾಂಬೊ ಆಂಪ್ (ಆಂಪೂ ಸ್ಪೀಕರೂ ಒಂದೇ ಡಬ್ಬದಲ್ಲಿ) ಮಾರ್ತಾ ಇದ್ದಾರೆ. ಆಂಪ್ ಕಂಪನಿದಲ್ಲ, ಲೋಕಲ್ ಅಸೆಂಬಲ್. ಜೋಡಿಗೆ 22,000 ಅಂತೆ, ಬಿಡಿಯಾಗಿ ಕೊಡಲ್ವಂತೆ. ವಿಡಿಯೊದಲ್ಲಿ ಕಂಡಿದ್ದು ಇಷ್ಟು: 12ನೇ ಫ್ರೆಟ್ (ಗಿಟಾರ್‌ನ ಉದ್ದ ಕೈ, ಅಂದ್ರೆ ನೆಕ್ ಮೇಲಿನ ಲೋಹದ ಪಟ್ಟಿ) ಹತ್ರ ತಂತಿ ತುಂಬಾ ಎತ್ತರ, ನಾಬ್ ತಿರುಗಿಸಿದ್ರೆ ಕರಕರ, ಕೇಬಲ್ ಹಾಕದೇ ಇದ್ರೂ ಆಂಪ್ ಗುಂಯ್ ಅಂತಿರುತ್ತೆ. "ಒಂದು ಸೆಟಪ್ (ತಂತಿ ಎತ್ತರ, ನೆಕ್ ಹೊಂದಿಸೋದು) ಮಾಡಿಸಿ, ಎಲ್ಲ ಸರಿಹೋಗುತ್ತೆ" ಅಂತಾರೆ. ಚರ್ಚ್ ಕ್ವಾಯರ್‌ಗೆ ಬೇಕು, ಗಣೇಶನ ಹಬ್ಬದಲ್ಲಿ ಆರ್ಕೆಸ್ಟ್ರಾಗೂ. ಹೋದಾಗ ಏನೇನು ನೋಡ್ಬೇಕು, ಎಷ್ಟಕ್ಕೆ ಕೇಳ್ಬೇಕು?

ದಪ್ಪತಂತಿ:
ಮೂರೂ ಬೇರೆಬೇರೆ ಕಾಯಿಲೆ, ಒಂದು ಸೆಟಪ್‌ಗೆ ವಾಸಿ ಆಗೋವಲ್ಲ. ಕರಕರ ಬಿಟ್ಹಾಕಿ, ವಾಲ್ಯೂಮ್ ಪಾಟ್ (ನಾಬ್ ಕೆಳಗಿನ ಬಿಡಿಭಾಗ) ಒಳಗೆ ಧೂಳು ಅಷ್ಟೆ. ಕಾಂಟ್ಯಾಕ್ಟ್ ಕ್ಲೀನರ್ ಒಂದೆರಡು ಸಲ ಹೊಡೆದು, ನಾಬನ್ನ ಆ ಕಡೆ ಈ ಕಡೆ ಇಪ್ಪತ್ತು ಸಲ ತಿರುಗಿಸಿದ್ರೆ ಹೋಗುತ್ತೆ. ಹೋಗ್ಲಿಲ್ಲ ಅಂದ್ರೆ ಪಾಟ್ ಬದಲಾಯಿಸಿದ್ರಾಯ್ತು.

ನೋಡ್ಬೇಕಾದ್ದು ನೆಕ್. ಮೊದಲು ಟ್ಯೂನ್ ಮಾಡ್ಸಿ, ಸಡಿಲ ತಂತಿಲಿ ಅಳೆದ್ರೆ ಸುಳ್ಳು ಲೆಕ್ಕ ಸಿಗುತ್ತೆ. ಆಮೇಲೆ ಇ ತಂತಿನ (ಎಲ್ಲಕ್ಕಿಂತ ದಪ್ಪದು) ಎಡಗೈಲಿ 1ನೇ ಫ್ರೆಟ್‌ನಲ್ಲಿ, ಬಲಗೈ ಹೆಬ್ಬೆರಳಲ್ಲಿ ನೆಕ್ಕು ಬಾಡಿ ಸೇರೋ ಜಾಗದ ಫ್ರೆಟ್‌ನಲ್ಲಿ ಒತ್ತಿ ಹಿಡೀರಿ. ಈಗ ತಂತಿನೇ ನಿಮ್ಮ ಸ್ಕೇಲು. 8ನೇ ಫ್ರೆಟ್ ಹತ್ರ ತಂತಿ ಕೆಳಗೆ ಎಷ್ಟು ಸಂದಿ ಇದೆ ನೋಡಿ. ಒಂದು ವಿಸಿಟಿಂಗ್ ಕಾರ್ಡ್ ಸಲೀಸಾಗಿ ತೂರಿದ್ರೆ ಸರಿ, ಅದು ಸುಮಾರು 0.3 ಮಿ.ಮೀ. ಒಂದು ಮಿ.ಮೀ. ಇದ್ರೆ ನೆಕ್ ಮುಂದಕ್ಕೆ ಬಾಗಿದೆ ಅಂತ. ಸಂದಿನೇ ಇಲ್ಲ ಅಂದ್ರೆ ಪೂರ್ತಿ ನೇರ ಇದೆ, ಇಲ್ಲಾ ಹಿಂದಕ್ಕೆ ಬಾಗಿದೆ.

ಬಾಗಿದ್ರೂ ಗಾಬರಿ ಬೇಡ, ಟ್ರಸ್ ರಾಡ್ (ನೆಕ್ ಒಳಗಿನ ಲೋಹದ ಸರಳು) ಇರೋದೇ ಅದಕ್ಕೆ. ಮುಂದಕ್ಕೆ ಬಾಗಿದ್ರೆ ಹೆಡ್‌ಸ್ಟಾಕ್ (ನೆಕ್ಕಿನ ತುದಿ, ತಂತಿ ಬಿಗಿಸೋ ಕಡೆ) ಮೇಲಿನ ಚಿಕ್ಕ ಮುಚ್ಚಳ ತೆಗೆಸಿ, ರಾಡ್‌ನ ನಟ್ ಕಾಲು ಸುತ್ತು ಬಲಕ್ಕೆ ತಿರುಗಿಸೋಕೆ ಹೇಳಿ. ಸಂದಿ ಕಮ್ಮಿ ಆದ್ರೆ ರಾಡ್ ಬದುಕಿದೆ. ನಟ್ ಆಗಲೇ ಪೂರ್ತಿ ಬಿಗಿದು ಕೂತಿದ್ದು, ಆದ್ರೂ ಬಾಗು ಹಾಗೇ ಇದ್ರೆ ಗಿಟಾರ್ ಅಲ್ಲೇ ಬಿಟ್ಟು ಬನ್ನಿ. ಅಳತೆ ಕೂಡದ ಕೀ ಹಾಕಿ ನಟ್ ಮೂಲೆ ಸವೆಸಿರೋ ನೆಕ್ಕೂ ಬೇಡ.

ನೆಕ್ ನೇರ ಇದ್ದೂ ತಂತಿ ಎತ್ತರ ಇದ್ರೆ ಬ್ರಿಡ್ಜ್ (ಬಾಡಿ ಮೇಲೆ ತಂತಿ ಕಟ್ಟೋ ಲೋಹದ ಭಾಗ) ನೋಡಿ. ಅದರಲ್ಲಿ ತಂತಿ ಕೂರೋ ಸ್ಯಾಡಲ್ ಇನ್ನೂ ಇಳಿಸೋಕೆ ಜಾಗ ಇದ್ರೆ ಐದು ನಿಮಿಷದ ಕೆಲಸ. ಪೂರ್ತಿ ತಳಕ್ಕೆ ಕೂತಿದ್ರೆ ನೆಕ್ ಕೂತಿರೋ ಕೋನ ತಪ್ಪಿದೆ, ಪಾಕೆಟ್‌ನಲ್ಲಿ (ನೆಕ್ ಕೂರೋ ಗುಳಿ) ತೆಳು ಶಿಮ್ (ಚೂರು ಪಟ್ಟಿ) ಇಡ್ಬೇಕಾಗುತ್ತೆ. ಅದೂ ಆಗೋ ಕೆಲಸನೇ. 12ನೇ ಫ್ರೆಟ್‌ನಲ್ಲಿ ಇ ತಂತಿ 2.5, ಜಿ ತಂತಿ (ಎಲ್ಲಕ್ಕಿಂತ ತೆಳು) 2 ಮಿ.ಮೀ. ಆಸುಪಾಸು ಬಂದ್ರೆ ಸಾಕು. ತಿರುಚಿಕೊಂಡಿರೋ ನೆಕ್‌ಗೆ ಮಾತ್ರ ರಾಡ್‌ನಿಂದ ಪರಿಹಾರ ಇಲ್ಲ: ಹೆಡ್‌ಸ್ಟಾಕ್ ಕಡೆಯಿಂದ ಒಂದು ಕಣ್ಣು ಮುಚ್ಚಿ ನೋಡಿದ್ರೆ ಫ್ರೆಟ್‌ಗಳೆಲ್ಲ ಒಂದಕ್ಕೊಂದು ಸಮಾನಾಂತರ ಕಾಣ್ಬೇಕು.

ಪ್ರತಿ ತಂತಿಲೂ ಪ್ರತಿ ಫ್ರೆಟ್ ನುಡಿಸಿ. ಜಿ ತಂತಿ 5ರಿಂದ 7ನೇ ಫ್ರೆಟ್ ಒಳಗೆ ಒಂದು ಸ್ವರ ಬೇಗ ಸತ್ತುಹೋದ್ರೆ ಅದು ಬೋಲ್ಟ್ ನೆಕ್ (ಬಾಡಿಗೆ ಸ್ಕ್ರೂ ಹಾಕಿ ಬಿಗಿದ ನೆಕ್) ಬೇಸ್‌ಗಳ ಹುಟ್ಟುಗುಣ, ಅದನ್ನ ತೋರಿಸಿ ಚೌಕಾಸಿ ಮಾಡಿದ್ರೆ ನಗ್ತಾರೆ.

ಸೋಲ್ಡರ್_ಹೊಗೆ:
ದಪ್ಪತಂತಿ ಅಣ್ಣ ನೆಕ್ ಮುಗಿಸವ್ರೆ. ಈ ಮಾದರಿಲಿ ಬೇಸ್ ಬೂಸ್ಟ್‌ಗೆ 9 ವೋಲ್ಟ್ ಬ್ಯಾಟರಿ ಐತೆ. ಹಿಂದಿನ ಮುಚ್ಚಳ ತೆಗೆಸಿ, ಕ್ಲಿಪ್ ಮೇಲೆ ಹಸಿರು-ಬಿಳಿ ಪುಡಿ ಕಟ್ಟಿದ್ರೆ ಬ್ಯಾಟರಿ ಸೋರಿರುತ್ತೆ, ಬೋರ್ಡಿಗೂ ಇಳಿದೈತಾ ನೋಡಿ. ಜ್ಯಾಕ್‌ಗೆ ಕೇಬಲ್ ಚುಚ್ಚಿದ ತಕ್ಷಣ ಸರ್ಕ್ಯೂಟ್ ಆನ್ ಆಗುತ್ತೆ, ಅದಕ್ಕೇ ನುಡಿಸಿ ಆದ್ಮೇಲೆ ಕೇಬಲ್ ಕೀಳ್ಬೇಕು. ಬ್ರಿಡ್ಜ್ ಕಡೆ ಪಿಕಪ್ (ತಂತಿ ಸದ್ದು ಹಿಡಿಯೋ ಭಾಗ) ಒಂದೇ ಹಾಕ್ದಾಗ ಸ್ವಲ್ಪ ಹಮ್ (ಗುಂಯ್ ಸದ್ದು) ಬಂದು, ತಂತಿ ಮುಟ್ಟಿದ್ರೆ ಕಮ್ಮಿ ಆದ್ರೆ ಅದು ಸಹಜ. ಮುಟ್ಟಿದ್ರೆ ಜಾಸ್ತಿ ಆದ್ರೆ ಗ್ರೌಂಡ್ ವೈರಿಂಗ್‌ನಲ್ಲಿ ತಪ್ಪೈತೆ.

ಇನ್ನ ಆಂಪು. ಕೇಬಲ್ ಇಲ್ದೆ ಆನ್ ಮಾಡಿ, ಮಾಸ್ಟರ್ ವಾಲ್ಯೂಮ್ ಸೊನ್ನೆಗೆ ತನ್ನಿ. ಗುಂಯ್ ಹೋದ್ರೆ ತೊಂದರೆ ಪ್ರೀಆಂಪ್ (ಆಂಪ್‌ನ ಮೊದಲ ಹಂತ) ಕಡೆ. ಒಂಚೂರೂ ಬದಲಾಗ್ದಿದ್ರೆ ಪವರ್ ಸಪ್ಲೈ ಫಿಲ್ಟರ್ ಕೆಪಾಸಿಟರ್ ಮೇಲೆ ಅನುಮಾನ. ಹಳೇದಾದಂಗೆ ಒಳಗಿನ ದ್ರವ ಒಣಗಿ 100 ಹರ್ಟ್ಜ್ ರಿಪಲ್ (ಕರೆಂಟಿನ ಏರಿಳಿತ) ಸ್ಪೀಕರ್‌ವರೆಗೂ ಬರುತ್ತೆ. ಅಷ್ಟೇ ಮೈಕ್ರೋಫ್ಯಾರಡ್, ಅಷ್ಟೇ ಇಲ್ಲಾ ಹೆಚ್ಚಿನ ವೋಲ್ಟೇಜಿಂದು ಬೆಂಗಳೂರಿನ ಎಸ್‌.ಪಿ. ರೋಡ್‌ನಲ್ಲಿ ಸಿಗುತ್ತೆ. ಪ್ಲಗ್ ಕಿತ್ತಮೇಲೂ ಅದ್ರಲ್ಲಿ ಚಾರ್ಜ್ ನಿಂತಿರುತ್ತೆ, ನೀವೇ ಬಿಚ್ಚೋಕೆ ಹೋಗ್ಬೇಡಿ.

ಮಲ್ಟಿಮೀಟರ್ ತಗೊಂಡ್ಹೋಗಿ. ಪ್ಲಗ್ ಕಿತ್ತು, ದಪ್ಪ ಅರ್ತ್ ಪಿನ್ನಿಂದ ಆಂಪ್‌ನ ಲೋಹದ ಚಾಸಿಗೆ ಹಿಡೀರಿ, ಬೀಪ್ ಬರ್ಬೇಕು. ಹಮ್ ಕಮ್ಮಿ ಮಾಡೋಕೆ ಅಂತ ಅರ್ತ್ ವೈರ್ ಕತ್ತರಿಸೋರು ಇದ್ದಾರೆ. ಜಾತ್ರೆ ಸ್ಟೇಜ್‌ನಲ್ಲಿ ಜನರೇಟರ್ ಕರೆಂಟು, ಕೈಯಲ್ಲಿ ತಂತಿ, ತುಟಿಗೆ ಮೈಕು, ಮುಂದಿಂದು ಹೇಳೋದೇ ಬೇಡ.

ಸ್ಪೀಕರ್ ಕೋನ್ ಮೇಲೆ ಎರಡೂ ಕಡೆ ಬೆರಳಿಟ್ಟು ಸಮನಾಗಿ, ಮೆತ್ತಗೆ ಒಳಗೆ ತಳ್ಳಿ. ಕಿರ್ರ್ ಅಂತ ಉಜ್ಜಿದ್ರೆ ಕಾಯಿಲ್ ಹೋಗೈತೆ. ಸ್ಪೀಕರ್ ವೈರ್ ಕಿತ್ತು ಅಳೆದ್ರೆ 8 ಓಮ್‌ದು ಮೀಟರ್‌ನಲ್ಲಿ 6ರ ಆಸುಪಾಸು ತೋರಿಸುತ್ತೆ, 8 ಬರ್ಲಿಲ್ಲ ಅಂತ ಜಗಳ ಬೇಡ. ಕೊನೇಗೆ ಅರ್ಧ ಗಂಟೆ ಜೋರಾಗಿ ನುಡಿಸಿ. ಬಿರುಕು ಬಿಟ್ಟ ಸೋಲ್ಡರ್ ಎಷ್ಟೋ ಸಲ ಬಿಸಿ ಆದ್ಮೇಲೇ ಕೈಕೊಡೋದು.

ಬಂಗಾರಪೇಟೆ_ಬೇಸ್:
ನೋಡಿ ಬಂದೆ. ಸಂದಿ ಕಾರ್ಡಿಗಿಂತ ಜಾಸ್ತಿ ಇತ್ತು, ಕಾಲು ಸುತ್ತಿಗೇ ಇಳೀತು. ಸ್ಯಾಡಲ್‌ಗೂ ಜಾಗ ಇದೆ. ಬ್ಯಾಟರಿ ಜಾಗ ಕ್ಲೀನ್. ಆಂಪ್ ಮಾತ್ರ ಮಾಸ್ಟರ್ ಸೊನ್ನೆ ಮಾಡಿದ್ರೂ ಗುಂಯ್ ಅಂತು, ಅರ್ತ್ ಪಿನ್‌ಗೆ ಬೀಪೂ ಬರ್ಲಿಲ್ಲ. ಸ್ಪೀಕರ್ 6.1, ಉಜ್ಜೋ ಸದ್ದಿಲ್ಲ.

ದಪ್ಪತಂತಿ:
ಹಾಗಾದ್ರೆ ಗಿಟಾರ್ ತಗೊಳ್ಳಿ. ಇದೇ ಮಾದರಿ ಹೊಸದಕ್ಕೆ ಇವತ್ತು ಅಂಗಡಿಲಿ ಎಷ್ಟಿದೆ ನೋಡಿ, ಅದರ ಅರ್ಧದಿಂದ ಮಾತು ಶುರು ಮಾಡಿ, ಶೇ 60 ದಾಟಬೇಡಿ. 45–105 ಗೇಜ್ (ತಂತಿ ದಪ್ಪ) ಹೊಸ ತಂತಿ ಸೆಟ್ಟಿನ ದುಡ್ಡು ಅದರಲ್ಲೇ ಮುರೀರಿ. ಹಳೇ ತಂತಿಲಿ 12ನೇ ಫ್ರೆಟ್ ಹಾರ್ಮೋನಿಕ್ಕೂ (ಬೆರಳು ಬರೀ ತಾಗಿಸಿದಾಗ ಬರೋ ಸ್ವರ) ಒತ್ತಿದ ಸ್ವರವೂ ಎಷ್ಟೋ ಸಲ ಕೂಡೋದೇ ಇಲ್ಲ, ಇಂಟೊನೇಷನ್ (ಎಲ್ಲ ಫ್ರೆಟ್‌ನಲ್ಲೂ ಶ್ರುತಿ ಕೂಡಿಸೋದು) ಹೊಸದು ಹಾಕಿದ್ಮೇಲೇ ಮಾಡ್ಸಿ. ಜೋಡಿಯಾಗೇ ತಗೊಳ್ಳಿ ಅಂತ ಹಟ ಹಿಡಿದ್ರೆ ಆಂಪ್‌ಗೆ ಆ ಸ್ಪೀಕರ್ ಮತ್ತು ಡಬ್ಬದ ಬೆಲೆ ಮಾತ್ರ ಕಟ್ಟಿ.

ಸೋಲ್ಡರ್_ಹೊಗೆ:
ಚರ್ಚಲ್ಲಿ ಪಿಎ (ಸೌಂಡ್ ಸಿಸ್ಟಮ್) ಮಿಕ್ಸರ್ ಇದ್ದೇ ಇರುತ್ತಲ್ಲ ಬ್ರದರ್, ಆಂಪ್ ಯಾಕೆ? ಒಂದು ಡಿಐ ಬಾಕ್ಸ್ (ಗಿಟಾರ್‌ನ ನೇರ ಮಿಕ್ಸರ್‌ಗೆ ಸೇರಿಸೋ ಡಬ್ಬಿ) ತಗೊಳ್ಳಿ. ಕರೆಂಟ್ ಬೇಡದ ಪ್ಯಾಸಿವ್‌ದೇ ಸಾಕು. ಆಕ್ಟಿವ್‌ದಕ್ಕೆ ಸಾಮಾನ್ಯವಾಗಿ 48 ವೋಲ್ಟ್ ಫ್ಯಾಂಟಮ್ (ಮಿಕ್ಸರ್ ಮೈಕ್ ಕೇಬಲ್‌ನಲ್ಲಿ ಕೊಡೋ ಕರೆಂಟು) ಇಲ್ಲಾ ಬ್ಯಾಟರಿ ಬೇಕು, ಕೆಲವು ಸಣ್ಣ ಮಿಕ್ಸರ್‌ಗಳಲ್ಲಿ ಫ್ಯಾಂಟಮ್ ಇರಲ್ಲ. ಗುಂಯ್ ಬಂದ್ರೆ ಬಾಕ್ಸ್ ಮೇಲಿರೋ ಗ್ರೌಂಡ್ ಲಿಫ್ಟ್ ಸ್ವಿಚ್ ಒತ್ತಿ, ಅರ್ತ್ ಪಿನ್ ತಂಟೆಗೆ ಹೋಗ್ಬೇಡಿ. ಆರ್ಕೆಸ್ಟ್ರಾಗೂ ಅದನ್ನೇ ಬ್ಯಾಗ್‌ನಲ್ಲಿ ಹಾಕ್ಕೊಂಡು ಹೋಗ್ಬಹುದು. ನಿಮಗೆ ಕೇಳ್ಸೋಕೆ ಸೌಂಡ್‌ನವ್ರ ಹತ್ರ ಒಂದು ಮಾನಿಟರ್ ಸ್ಪೀಕರ್ ಕೇಳಿ ಇಸ್ಕೊಳ್ಳಿ.